15 ತಿಂಗಳ ಮಗುವಿಗೆ ಎದೆಹಾಲು ಬಿಡಿಸುವಾಗ ಯಾವ ಹಾಲು ಕೊಡುವುದು?

ಸುರತ್ಕಲ್_ಅಮ್ಮ (ಪ್ರಶ್ನೆ)

ಮಗಳಿಗೆ 15 ತಿಂಗಳು, ತೂಕ 9.4 ಕೆ.ಜಿ. ಈಗ ದಿನಕ್ಕೆ ಐದು ಸಲ ಎದೆಹಾಲು: ಬೆಳಿಗ್ಗೆ ಎದ್ದ ಕೂಡಲೇ, ಸಂಜೆ ನಾನು ಆಫೀಸಿನಿಂದ ಬಂದಾಗ, ಮಲಗುವಾಗ, ಮತ್ತೆ ರಾತ್ರಿ ಎರಡು ಸಲ. ಇನ್ನೆರಡು ತಿಂಗಳಲ್ಲಿ ನೈಟ್ ಶಿಫ್ಟ್ ಶುರುವಾಗ್ತದೆ. ಅಷ್ಟರೊಳಗೆ ನಿಧಾನಕ್ಕೆ ಬಿಡಿಸಬೇಕು.

ಯಾವ ಹಾಲು ಅಂತ ಒಬ್ಬೊಬ್ಬರು ಒಂದೊಂದು ಹೇಳ್ತಾರೆ. ಮನೆಗೆ ಬರುವುದು ನಂದಿನಿಯ ನೀಲಿ ಪ್ಯಾಕೆಟ್. ಅತ್ತೆ ಪಕ್ಕದ ಮನೆಯ ಹಟ್ಟಿಯ (ದನದ ಕೊಟ್ಟಿಗೆಯ) ಹಾಲು ತಂದು ಅರ್ಧಕ್ಕರ್ಧ ನೀರು ಸೇರಿಸಿ ಕೊಡು ಅಂತಾರೆ. ಅಮ್ಮನಿಗೆ ಆಡಿನ ಹಾಲೇ ಆಗಬೇಕು. ಆಫೀಸಿನಲ್ಲಿ ಒಬ್ಬರು ಬಾದಾಮಿ ಹಾಲಿನ ಟೆಟ್ರಾಪ್ಯಾಕ್ ತೋರಿಸಿದ್ರು. ತೆಂಗಿನ ಹಾಲು ನಮ್ಮಲ್ಲೇ ಧಾರಾಳ ಉಂಟಲ್ಲ, ಅದನ್ನೇ ಕೊಟ್ಟರೆ ಆಗದಾ?

ಇನ್ನೊಂದು ವಿಷಯ. ಮೂರು ವಾರದ ಹಿಂದೆ ಅವಳಿಗೆ ವಾಂತಿ ಭೇದಿ ಆಗಿತ್ತು. ಅದು ನಿಂತ ಮೇಲೆ ಹಾಲು ಕೊಟ್ಟರೆ ಪುನಃ ನೀರು ನೀರಾಗಿ ಹೋಗ್ತದೆ. ಮೊಸರನ್ನ ಕೊಟ್ಟರೆ ಏನೂ ಆಗುವುದಿಲ್ಲ. ಇದು ಹಾಲಿನ ಅಲರ್ಜಿಯಾ? ಊಟಕ್ಕೆ ಗಂಜಿ, ಇಡ್ಲಿ, ರಾಗಿ ಮಣ್ಣಿ (ರಾಗಿ ಹುಡಿಯ ಗಂಜಿ), ಮೊಟ್ಟೆ, ಸ್ವಲ್ಪ ಬೂತಾಯಿ ಮೀನು ತಿಂತಾಳೆ.

---

ಪಥ್ಯದ_ಬಟ್ಟಲು

ನಿಮ್ಮ ಕೊನೆಯ ಪ್ರಶ್ನೆಯಿಂದಲೇ ಶುರು ಮಾಡ್ತೇನೆ. ಅದು ಇತ್ಯರ್ಥ ಆಗದೆ ಹಾಲು ಆರಿಸಿ ಪ್ರಯೋಜನ ಇಲ್ಲ.

ಇದು ಅಲರ್ಜಿಯ ಹಾಗೆ ಕಾಣುವುದಿಲ್ಲ. ಅಲರ್ಜಿ ಆಗುವುದು ಹಾಲಿನ ಪ್ರೋಟೀನಿಗೆ, ಅದೇ ಪ್ರೋಟೀನು ಮೊಸರಿನಲ್ಲೂ ಉಂಟು. ಮೊಸರನ್ನ ತಿಂದು ಆರಾಮ ಇದ್ದಾಳೆ ಅಂದ್ರೆ ತೊಂದರೆ ಲ್ಯಾಕ್ಟೋಸ್ ಎಂಬ ಹಾಲಿನ ಸಕ್ಕರೆಯದ್ದು, ಹಾಲು ಮೊಸರಾಗುವಾಗ ಅದು ಕಡಿಮೆಯಾಗ್ತದೆ. ಅದನ್ನು ಜೀರ್ಣ ಮಾಡುವ ಕಿಣ್ವ ಇರುವುದು ಸಣ್ಣಕರುಳಿನ ಒಳಪದರದ ತುದಿಯಲ್ಲಿ. ಭೇದಿಯಲ್ಲಿ ಮೊದಲು ಸವೆಯುವುದೇ ಆ ತುದಿ. ಜೀರ್ಣವಾಗದ ಸಕ್ಕರೆ ದೊಡ್ಡಕರುಳಿಗೆ ಇಳಿದು ನೀರು ಎಳೆದುಕೊಳ್ತದೆ, ಹುಳಿತು ಗ್ಯಾಸ್ ಆಗ್ತದೆ. ಅದಕ್ಕೇ ಮಲ ನೊರೆ ನೊರೆಯಾಗಿ, ಹುಳಿ ವಾಸನೆ ಬಂದು, ಗುದದ ಸುತ್ತ ಚರ್ಮ ಕೆಂಪಾಗುವುದು. ಹೆಚ್ಚಿನ ಮಕ್ಕಳಲ್ಲಿ ಇದು ಎರಡರಿಂದ ನಾಲ್ಕು ವಾರದಲ್ಲಿ ತಾನಾಗಿ ಸರಿ ಹೋಗ್ತದೆ. ಹುಟ್ಟಿನಿಂದಲೇ ಲ್ಯಾಕ್ಟೋಸ್ ಆಗದ ಮಗು ತೀರಾ ಅಪರೂಪ. ಎದೆಹಾಲಿನಲ್ಲಿ ಲ್ಯಾಕ್ಟೋಸ್ 100 ಮಿಲಿಗೆ ಸುಮಾರು 7 ಗ್ರಾಂ, ದನದ ಹಾಲಿನಲ್ಲಿ 5 ಗ್ರಾಂಗೂ ಕಡಿಮೆ. ಐದು ಹೊತ್ತು ಎದೆಹಾಲು ಕುಡಿದು ಬೆಳೆದ ಮಗುವಿಗೆ ಲ್ಯಾಕ್ಟೋಸ್ ಹೊಸದಲ್ಲ.

ಅಲರ್ಜಿಯಾದರೆ ಲಕ್ಷಣವೇ ಬೇರೆ. ಹಾಲು ಕೊಟ್ಟ ಕೆಲವು ನಿಮಿಷದಿಂದ ಎರಡು ಗಂಟೆಯೊಳಗೆ ಮೈಮೇಲೆ ದದ್ದು, ತುಟಿ ಕಣ್ಣು ಊದುವುದು, ವಾಂತಿ, ಉಬ್ಬಸ. ಅಥವಾ ದಿನಗಟ್ಟಲೆ ಮಲದಲ್ಲಿ ರಕ್ತ, ಲೋಳೆ. ಇದರಲ್ಲಿ ಒಂದು ಕಂಡರೂ ಹಾಲು, ಮೊಸರು ಎರಡನ್ನೂ ನಿಲ್ಲಿಸಿ ಮಕ್ಕಳ ಡಾಕ್ಟರ್ ಹತ್ತಿರ ಹೋಗಿ. ಊತ, ಉಬ್ಬಸ ಬಂದರೆ ಒಂದು ನಿಮಿಷವೂ ಕಾಯದೆ ಎಮರ್ಜೆನ್ಸಿಗೆ.

ಈಗ ಮಾಡಬೇಕಾದ್ದು: ಇನ್ನೊಂದು ವಾರ ಬರೇ ಹಾಲು ಬೇಡ, ಮೊಸರು ಮಜ್ಜಿಗೆ ಸಾಕು. ಆಮೇಲೆ 30 ಮಿಲಿ ಹಾಲು ಮಣ್ಣಿಯಲ್ಲಿ ಬೇಯಿಸಿ ಎರಡು ದಿನ ಕೊಡಿ. ಮಲ ಸರಿ ಇದ್ದರೆ 60, ಮತ್ತೆ 100. ಎಲ್ಲಿ ನೀರಾಗ್ತದೋ ಅಲ್ಲಿಂದ ಒಂದು ಮೆಟ್ಟಿಲು ಕೆಳಗೆ ಇಳಿದು ನಾಲ್ಕು ದಿನ ಬಿಟ್ಟು ನೋಡಿ. ಆರು ವಾರ ಕಳೆದೂ ಹಾಗೇ ಇದ್ದರೆ, ಅಥವಾ ತೂಕ ಇಳಿದರೆ, ತೋರಿಸಬೇಕು. ಹೊಟ್ಟೆ ಪೂರ್ತಿ ಸುಧಾರಿಸುವವರೆಗೆ ಎದೆಹಾಲು ಕಡಿಮೆ ಮಾಡುವ ಕೆಲಸಕ್ಕೆ ಕೈ ಹಾಕಬೇಡಿ.

ಇನ್ನು ಹಾಲಿನ ಆಯ್ಕೆ. ವರ್ಷ ದಾಟಿದ ಮಗುವಿಗೆ ಎದೆಹಾಲಿನ ಜಾಗ ತುಂಬಬೇಕಾದ್ದು ಊಟ. ಹಾಲು ಅದರ ಜೊತೆಗೆ ಒಂದು ಬದಿಯಲ್ಲಿ ಇದ್ದರೆ ಆಯ್ತು. ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಲೆಕ್ಕದಲ್ಲಿ 1ರಿಂದ 3 ವರ್ಷದ ಮಗುವಿಗೆ ದಿನಕ್ಕೆ ಬೇಕಾದ ಕ್ಯಾಲ್ಸಿಯಂ 500 ಮಿ.ಗ್ರಾಂ. ದನದ ಹಾಲು 100 ಮಿಲಿಗೆ ಸುಮಾರು 120 ಕೊಡ್ತದೆ. 300 ಮಿಲಿ ಹಾಲು, ಅರ್ಧ ಬಟ್ಟಲು ಮೊಸರು, ಒಂದು ಹೊತ್ತು ರಾಗಿ ಮಣ್ಣಿ ಆದರೆ ಲೆಕ್ಕ ಮುಗಿಯಿತು. ಎದೆಹಾಲು ಪೂರ್ತಿ ಬಿಟ್ಟ ಮೇಲೂ ಹಾಲು ಮೊಸರು ಎಲ್ಲ ಸೇರಿ 300ರಿಂದ 400 ಮಿಲಿ. 500 ದಾಟಿಸಬೇಡಿ.

ದಾಟಿದರೆ ಎಂತ ಆಗ್ತದೆ ಅಂತ ಕೇಳುವವರಿಗೆ: ರಕ್ತಹೀನತೆ. ನಮ್ಮಲ್ಲಿ ಒಂದೂವರೆ, ಎರಡು ವರ್ಷದ ಮಕ್ಕಳು ಬಾಟಲಿಯಲ್ಲಿ ದಿನಕ್ಕೆ ಮುಕ್ಕಾಲು ಲೀಟರ್ ಹಾಲು ಕುಡಿದು ಗುಂಡು ಗುಂಡಾಗಿ, ಬಿಳುಚಿಕೊಂಡು ಇರುವುದು ಇದರಿಂದಲೇ. ದನದ ಹಾಲಿನಲ್ಲಿ ಕಬ್ಬಿಣದ ಅಂಶ 100 ಮಿಲಿಗೆ 0.05 ಮಿ.ಗ್ರಾಂನಷ್ಟೂ ಇರುವುದಿಲ್ಲ. ಮಗುವಿಗೆ ಬೇಕಾದ್ದು ದಿನಕ್ಕೆ 8 ಮಿ.ಗ್ರಾಂ. ಅದರ ಮೇಲೆ ಹಾಲಿನ ಕೇಸಿನ್ ಎಂಬ ಪ್ರೋಟೀನ್, ಕ್ಯಾಲ್ಸಿಯಂ ಎರಡೂ ಊಟದ ಕಬ್ಬಿಣವನ್ನು ಕರುಳು ಹೀರದ ಹಾಗೆ ತಡೀತವೆ. ಹಾಲು ಕುಡಿದು ಹೊಟ್ಟೆ ತುಂಬಿದ ಮಗು ಊಟವನ್ನೂ ತಳ್ಳಿ ಹಾಕ್ತದೆ. "ಊಟ ಮಾಡುವುದಿಲ್ಲ, ಹಾಲಾದರೂ ಕುಡೀಲಿ" ಅಂತ ಇನ್ನೊಂದು ಬಾಟಲಿ ಕೊಡ್ತಾರೆ. ಹಾಗೆ ಸುತ್ತು ಮುಗಿಯುವುದೇ ಇಲ್ಲ. ಅಂಗೈ ಬಿಳುಪಾಗುವುದು, ಮಣ್ಣು ಸುಣ್ಣ ತಿನ್ನುವುದು ಕಂಡರೆ ಹಿಮೋಗ್ಲೋಬಿನ್ ನೋಡಿಸಿ. ಮಲಬದ್ಧತೆ ಶುರುವಾದರೂ ಮೊದಲು ಹಾಲಿನ ಅಳತೆ ನೋಡಿ, ಆಮೇಲೆ ಸಿರಪ್.

ಗಿಡಮೂಲದ್ದರಲ್ಲಿ ಪ್ರೋಟೀನಿನಲ್ಲಿ ದನದ ಹಾಲಿನ ಹತ್ತಿರ ಬರುವುದು ಸೋಯಾ ಒಂದೇ, 100 ಮಿಲಿಗೆ 3 ಗ್ರಾಂ ಆಸುಪಾಸು. ಬಾದಾಮಿಯದ್ದರಲ್ಲಿ ಅರ್ಧ ಗ್ರಾಂ. ಪ್ಯಾಕಿನ ಹಿಂದೆ ಓದಿ ನೋಡಿ, ಬಾದಾಮಿ ಎರಡು ಮೂರು ಶೇಕಡಾ ಇರ್ತದೆ, ಉಳಿದದ್ದು ನೀರು. ಓಟ್ಸ್‌ನದ್ದು 1 ಗ್ರಾಂ. ಅಕ್ಕಿಯದ್ದರಲ್ಲಿ ಆರ್ಸೆನಿಕ್ ಭಯ, ಬ್ರಿಟನ್ನಿನಲ್ಲಿ 5 ವರ್ಷದ ಒಳಗಿನ ಮಕ್ಕಳಿಗೆ ಕೊಡಬೇಡಿ ಅಂತಲೇ ಹೇಳ್ತಾರೆ. ತೆಂಗಿನ ಹಾಲು ಬಣ್ಣದಲ್ಲಿ ಮಾತ್ರ ಹಾಲು. ಅದರಲ್ಲಿರುವುದು ಕೊಬ್ಬು, ಕ್ಯಾಲ್ಸಿಯಂ ಹೆಸರಿಗಷ್ಟೇ. ಪಾಯಸಕ್ಕೆ, ಗಸಿಗೆ, ಮಣ್ಣಿಗೆ ಎರಡು ಚಮಚ ಹಾಕಿ, ತೂಕಕ್ಕೆ ಒಳ್ಳೆಯದು. ಲೋಟದಲ್ಲಿ ಹಾಲಿನ ಬದಲು ಬೇಡ.

"ಒಂದು ವರ್ಷದ ಮೇಲಿನ ಮಕ್ಕಳಿಗೆ" ಅಂತ ಡಬ್ಬಿಯಲ್ಲಿ ಬರುವ ಹುಡಿ ಹಾಲೂ ಬೇಡ. ವಿಶ್ವ ಆರೋಗ್ಯ ಸಂಸ್ಥೆ 2023ರ ಮಾರ್ಗಸೂಚಿಯಲ್ಲಿ 12ರಿಂದ 23 ತಿಂಗಳ ಮಕ್ಕಳಿಗೆ ಅದನ್ನು ಶಿಫಾರಸು ಮಾಡುವುದಿಲ್ಲ ಅಂತ ಸ್ಪಷ್ಟವಾಗಿ ಬರೆದಿದೆ. ಆ ದುಡ್ಡಿಗೆ ವಾರಕ್ಕೆ ಒಂದು ಡಜನ್ ಮೊಟ್ಟೆ ಬರ್ತದೆ.

---

ಸೊಸೈಟಿ_ಫ್ಯಾಟ್_ರೀಡಿಂಗ್

ಪ್ಯಾಕೆಟ್ ವಿಷಯ ನಾನು ಹೇಳ್ತೇನೆ.

ಟೋನ್ಡ್ ಅಂದ್ರೆ ಕೊಬ್ಬು ಶೇಕಡಾ 3.0, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಉಳಿದ ಘನಾಂಶ) 8.5. ನಿಮ್ಮ ನೀಲಿ ಪ್ಯಾಕೆಟ್ ಇದೇ. ಹಸಿರು ಪ್ಯಾಕೆಟಿನ ಹೋಮೋಜಿನೈಸ್ಡ್ ದನದ ಹಾಲು 3.5. ಸ್ಟ್ಯಾಂಡರ್ಡೈಸ್ಡ್ 4.5, ಫುಲ್ ಕ್ರೀಮ್ 6, ಡಬಲ್ ಟೋನ್ಡ್ 1.5. ಎರಡು ವರ್ಷದವರೆಗೆ ಕೊಬ್ಬು ತೆಗೆದ ಹಾಲು ಬೇಡ ಅನ್ನುವುದು ಸರಿ, ಆದರೆ ಅದು ಡಬಲ್ ಟೋನ್ಡ್‌ಗೆ, ಸ್ಕಿಮ್ಡ್‌ಗೆ ಹೇಳಿದ ಮಾತು. 300 ಮಿಲಿಯಲ್ಲಿ ನೀಲಿಗೂ ಹಸಿರಿಗೂ ವ್ಯತ್ಯಾಸ ಒಂದೂವರೆ ಗ್ರಾಂ ಕೊಬ್ಬು. ಗಂಜಿಗೆ ಅರ್ಧ ಚಮಚ ತುಪ್ಪ ಬಿಟ್ಟರೆ ಅದು ತುಂಬಿ ಹೋಯ್ತು. ಹಸಿರು ಸಿಕ್ಕಿದರೆ ತಗೊಳ್ಳಿ, ಇಲ್ಲದಿದ್ದರೆ ನೀಲಿಯೇ ಇರಲಿ, ಅದಕ್ಕೋಸ್ಕರ ಅಂಗಡಿ ಅಂಗಡಿ ತಿರುಗುವುದು ಬೇಡ. ಕೆನೆ ತೆಗೆದು ಕೊಡುವ ಅಭ್ಯಾಸ ಕೆಲವು ಮನೆಯಲ್ಲಿ ಉಂಟು, "ಮಗುವಿಗೆ ಜೀರ್ಣ ಆಗುವುದಿಲ್ಲ" ಅಂತ. ಹಾಗೆ ಮಾಡಿದರೆ ನೀವೇ ಮನೆಯಲ್ಲಿ ಡಬಲ್ ಟೋನ್ಡ್ ಮಾಡಿದ ಹಾಗೆ.

ಪ್ಯಾಕೆಟ್ ಮೇಲೆ ಪ್ಲಸ್ ಎಫ್ ಗುರುತು ಇದ್ದರೆ ವಿಟಮಿನ್ ಎ, ಡಿ ಸೇರಿಸಿದ್ದಾರೆ ಅಂತ ಅರ್ಥ. ಡಿ ಲೀಟರಿಗೆ 200ರಿಂದ 300 ಐಯು (ವಿಟಮಿನ್ ಅಳೆಯುವ ಮಾನ). 300 ಮಿಲಿ ಕುಡಿದರೆ ಸಿಗುವುದು ಹೆಚ್ಚೆಂದರೆ 90. ಮಗುವಿಗೆ ಬೇಕಾದ್ದು 600. ನಮ್ಮ ಊರಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಿಸಿಲಿನ ಮುಖ ನೋಡ್ಲಿಕ್ಕೇ ಇಲ್ಲ, ಹಾಗಾಗಿ ಡಿ ಹನಿ ಮುಂದುವರಿಸಬೇಕಾ ಅಂತ ಡಾಕ್ಟರ್ ಹತ್ತಿರ ಕೇಳಿ ಇಟ್ಟುಕೊಳ್ಳಿ.

ಹಟ್ಟಿಯ ಹಾಲು ಕೆಟ್ಟದ್ದಲ್ಲ, ಹಸಿ ಹಾಲು ಕೆಟ್ಟದ್ದು. ಬ್ರುಸೆಲ್ಲೋಸಿಸ್, ಕ್ಷಯ ಎರಡೂ ಹಸಿ ಹಾಲಿನಿಂದ ಬರಬಹುದು. "ಈಗ ಕರೆದದ್ದು, ಬಿಸಿ ಬಿಸಿ ಉಂಟು" ಅಂತ ಹಾಗೇ ಕುಡಿಸುವುದು ಖಂಡಿತ ಬೇಡ ಮಾರಾಯ್ರೆ. ಕುದಿಸುವುದರಲ್ಲೂ ಒಂದು ಮೋಸ ಉಂಟು. ಮೇಲೆ ಕೆನೆ ಕಟ್ಟಿ ಆವಿ ಅಡಿಯಲ್ಲಿ ಸಿಕ್ಕಿಕೊಳ್ಳುವ ಕಾರಣ ಹಾಲು ಪೂರ್ತಿ ಕುದಿಯುವ ಮೊದಲೇ ಉಕ್ಕಿ ಬರ್ತದೆ. ಉಕ್ಕಿದ್ದು ನೋಡಿ ಗ್ಯಾಸ್ ಬಂದ್ ಮಾಡಿದರೆ ಒಳಗೆ ಇನ್ನೂ ಕುದಿದಿರುವುದಿಲ್ಲ. ಉರಿ ತಗ್ಗಿಸಿ, ಸೌಟಿನಲ್ಲಿ ತಿರುವುತ್ತಾ ಇನ್ನು ಎರಡು ಮೂರು ನಿಮಿಷ ಗುಳ್ಳೆ ಬರುವ ಹಾಗೆ ಕುದಿಸಿ. ಪಾತ್ರೆಯನ್ನು ತಣ್ಣೀರಿನಲ್ಲಿಟ್ಟು ಬೇಗ ಆರಿಸಿ ಫ್ರಿಜ್ಜಿಗೆ. ಬೇಕಾದಷ್ಟು ಮಾತ್ರ ತೆಗೆದು ಬೆಚ್ಚಗೆ ಮಾಡಿ. ಇಡೀ ಪಾತ್ರೆಯನ್ನು ದಿನಕ್ಕೆ ನಾಲ್ಕು ಸಲ ಕುದಿಸಿದರೆ ಫೋಲೇಟ್, ಬಿ12 ಎಂಬ ವಿಟಮಿನ್ ಎರಡೂ ಇಳೀತವೆ. ನಮ್ಮ ಸೆಕೆಗೆ ಹೊರಗಿಟ್ಟ ಹಾಲು ಎರಡು ಗಂಟೆ ದಾಟಿದರೆ ಮಗುವಿಗೆ ಬೇಡ.

ನೀರು ಸೇರಿಸುವ ವಿಷಯ: ಅರ್ಧಕ್ಕರ್ಧ ಸೇರಿಸಿದರೆ 100 ಮಿಲಿಯಲ್ಲಿ ಪ್ರೋಟೀನ್ 1.6 ಗ್ರಾಂ, ಕ್ಯಾಲ್ಸಿಯಂ 60. ಮಗುವಿನ ಹೊಟ್ಟೆ ಸಣ್ಣದು, ಅರ್ಧ ಭಾಗ ನೀರಿಗೇ ಹೋಗ್ತದೆ. ಅತ್ತೆಯವರ ಕಾಲದಲ್ಲಿ ನಾಲ್ಕೈದು ತಿಂಗಳಿಗೇ ದನದ ಹಾಲು ಕೊಡ್ತಿದ್ರು. ಅಷ್ಟು ಸಣ್ಣ ಮಗುವಿನ ಮೂತ್ರಪಿಂಡಕ್ಕೆ ದನದ ಹಾಲಿನ ಪ್ರೋಟೀನ್, ಲವಣ ಭಾರ. ಅದಕ್ಕೆ ನೀರು ಬೆರೆಸುವ ಕ್ರಮ ಬಂತು. ವರ್ಷದ ಮೇಲೆ ಅದರ ಅಗತ್ಯ ಇಲ್ಲ. ವರ್ಷದ ಒಳಗೆ ಕುಡಿಯುವ ಹಾಲಾಗಿ ದನದ್ದು ಕೊಡುವುದೇ ಬೇಡ.

---

ಗಿಡ್ಡತಳಿ_ಪ್ರಿಯ

ಎಲ್ಲ ಸರಿ, ಆದರೆ ಹೈಬ್ರಿಡ್ ದನದ ಹಾಲು ಯಾಕೆ? ಮಲೆನಾಡು ಗಿಡ್ಡ ಎಂಬ ನಾಟಿ ತಳಿಯ ದನದ ಹಾಲು ಎ2 ಬಗೆಯದ್ದು, ಅಲರ್ಜಿ ಬರುವುದಿಲ್ಲ. ಸಿಗದಿದ್ದರೆ ಆಡಿನ ಹಾಲು. ಹಳಬರು ಸುಮ್ಮನೆ ಹೇಳಿದ್ದಲ್ಲ.

---

ಪಥ್ಯದ_ಬಟ್ಟಲು

ಗಿಡ್ಡದ ಹಾಲು ರುಚಿ, ಸಿಕ್ಕಿದರೆ ಕೊಡಿ, ನನ್ನದೇನೂ ತಕರಾರಿಲ್ಲ. ಅಲರ್ಜಿ ಬರುವುದಿಲ್ಲ ಅನ್ನುವುದು ಮಾತ್ರ ತಪ್ಪು. ಎ1, ಎ2 ವ್ಯತ್ಯಾಸ ಬೀಟಾ ಕೇಸಿನ್ ಎಂಬ ಒಂದು ಪ್ರೋಟೀನಿನ 67ನೇ ಜಾಗದ ಒಂದೇ ಒಂದು ಅಮೈನೋ ಆಮ್ಲದ್ದು. ಹಾಲಿಗೆ ಅಲರ್ಜಿ ಇರುವ ಮಗುವಿನ ಮೈ ಕೇಸಿನ್‌ನ ಉಳಿದ ಭಾಗಗಳಿಗೂ ಹಾಲಿನ ಬೇರೆ ಪ್ರೋಟೀನುಗಳಿಗೂ ತಿರುಗಿ ಬೀಳ್ತದೆ. ಎಮ್ಮೆ ಹಾಲು ಕೂಡ ಎ2ವೇ, ಅದೂ ಅಂಥ ಮಕ್ಕಳಿಗೆ ಆಗುವುದಿಲ್ಲ. ಆಡಿನ ಹಾಲಿನ ಪ್ರೋಟೀನೂ ದನದ್ದಕ್ಕೆ ಎಷ್ಟು ಹತ್ತಿರ ಅಂದ್ರೆ ದನದ ಹಾಲು ಆಗದ ಹತ್ತರಲ್ಲಿ ಒಂಬತ್ತು ಮಕ್ಕಳಿಗೆ ಅದೂ ಆಗುವುದಿಲ್ಲ. ಅಲರ್ಜಿ ಗೊತ್ತಿದ್ದೂ "ಆಡಿನದ್ದಲ್ವಾ" ಅಂತ ಕೊಡುವುದು ಅಪಾಯ.

ಆರೋಗ್ಯವಂತ ಮಗುವಿಗೆ ಆಡಿನ ಹಾಲು ಕೊಡಬಹುದು, ಚೆನ್ನಾಗಿ ಕುದಿಸಿ. ಫೋಲೇಟ್ ಅದರಲ್ಲಿ ತೀರಾ ಕಡಿಮೆ. ಅದೊಂದನ್ನೇ ನಂಬಿ ಬೆಳೆಸಿದ ಮಕ್ಕಳಲ್ಲಿ ಬೇರೆಯೇ ಬಗೆಯ ರಕ್ತಹೀನತೆ ಬರ್ತದೆ. ಹೆಸರು, ತೊಗರಿ, ಹರಿವೆ ಸೊಪ್ಪು ಊಟದಲ್ಲಿದ್ದರೆ ಆ ಭಯ ಇಲ್ಲ. ಲ್ಯಾಕ್ಟೋಸ್ ಆಡಿನ ಹಾಲಿನಲ್ಲೂ ಹೆಚ್ಚುಕಡಿಮೆ ಅಷ್ಟೇ ಇರುವುದರಿಂದ ಈ ಮಗುವಿನ ಈಗಿನ ತೊಂದರೆಗೆ ಅದು ಮದ್ದಲ್ಲ.

---

ಮಡಿಲು_ನರ್ಸ್

ಎಲ್ಲರೂ ಮಗುವಿನ ಹಾಲಿನ ಬಗ್ಗೆಯೇ ಹೇಳಿದ್ರು, ತಾಯಿಯ ಎದೆಯ ಬಗ್ಗೆ ಯಾರೂ ಹೇಳಲಿಲ್ಲ.

ಅಕ್ಕ, ಐದು ಹೊತ್ತು ಅಂದ್ರೆ ಐದಾರು ವಾರದ ಕೆಲಸ. ಒಂದು ಹೊತ್ತು ಬಿಡಿಸಿದ ಮೇಲೆ ಐದರಿಂದ ಏಳು ದಿನ ಎದೆ ಹೊಂದಿಕೊಳ್ಳಲಿಕ್ಕೆ ಬಿಟ್ಟು ಮುಂದಿನದ್ದು. ಮೊದಲು ಸಂಜೆಯದ್ದು ತೆಗೀರಿ, ಅದು ಹೊಟ್ಟೆಗಿಂತ ಹೆಚ್ಚಾಗಿ ನಿಮ್ಮನ್ನು ಕಂಡ ಖುಷಿಯದ್ದು. ಬಂದ ಕೂಡಲೇ ಎಂದೂ ಕೂರುವ ಕುರ್ಚಿಯಲ್ಲಿ ಕೂರಬೇಡಿ. ತಿನ್ನಲಿಕ್ಕೆ ಬಾಳೆಹಣ್ಣೋ ಇಡ್ಲಿಯೋ ಕೈಗೆ ಕೊಟ್ಟು ಹೊರಗೆ ಕರೆದುಕೊಂಡು ಹೋಗಿ. ಎರಡನೆಯದ್ದು ಬೆಳಗ್ಗಿನದ್ದು: ಅವಳು ಏಳುವ ಮೊದಲು ನೀವು ಎದ್ದಿರಬೇಕು, ಅವಳನ್ನು ಎತ್ತಿಕೊಳ್ಳುವುದು ಅಪ್ಪನೋ ಅಜ್ಜಿಯೋ.

ಮಲಗುವಾಗಿನದ್ದೇ ಕಷ್ಟದ್ದು. ಅದನ್ನು ಒಂದೇ ಸಲ ತೆಗೆಯುವ ಬದಲು ಮೊದಲು ನಿದ್ದೆಯಿಂದ ಬೇರೆ ಮಾಡಿ. ಹಾಲು, ಆಮೇಲೆ ಹಲ್ಲು ಉಜ್ಜುವುದು, ಆಮೇಲೆ ದೀಪ ಆರಿಸಿ ಮಲಗುವುದು. ಎದೆ ಬಾಯಲ್ಲಿಟ್ಟುಕೊಂಡು ನಿದ್ದೆ ಹೋಗುವುದು ನಿಂತರೆ ರಾತ್ರಿ ಎದ್ದಾಗ ಹುಡುಕುವುದೂ ಕಮ್ಮಿಯಾಗ್ತದೆ. ರಾತ್ರಿಯ ಎರಡನ್ನು ಕೊನೆಗೆ, ಒಂದೊಂದೇ. ಎದ್ದಾಗ ನೀರು ಕೊಡಿ, ಬೆನ್ನು ತಟ್ಟಿ. ರಾತ್ರಿ ಅಪ್ಪ ಪಕ್ಕದಲ್ಲಿ ಮಲಗಿದರೆ ಅರ್ಧ ಕೆಲಸ ಆದ ಹಾಗೆ, ಹೇಗೂ ನಿಮ್ಮ ಶಿಫ್ಟ್ ಬಂದ ಮೇಲೆ ಅವರೇ ನೋಡ್ಕೊಳ್ಳಬೇಕಲ್ಲ. ಎದೆಹಾಲಿನ ಬದಲಿಗೆ ರಾತ್ರಿ ಬಾಟಲಿ ಹಾಲು ಮಾತ್ರ ಶುರು ಮಾಡಬೇಡಿ. ಒಂದು ಬಿಡಿಸಲಿಕ್ಕೆ ಹೋಗಿ ಇನ್ನೊಂದು ಅಂಟಿಸಿದ ಹಾಗಾಗ್ತದೆ, ಮುಂದಿನ ಹಲ್ಲು ನಾಲ್ಕೂ ಹುಳುಕಾಗ್ತದೆ.

ಎದೆ ಬಿಗಿದರೆ ಕೈಯಲ್ಲಿ ಒಂದೆರಡು ನಿಮಿಷ ಹಿಂಡಿ, ನೋವು ತಗ್ಗುವಷ್ಟು ಮಾತ್ರ. ಪೂರ್ತಿ ಖಾಲಿ ಮಾಡಬೇಡಿ. ಖಾಲಿಯಾದ ಎದೆ ಮತ್ತೆ ತುಂಬ್ತದೆ, ಒಳಗೆ ಉಳಿದ ಹಾಲೇ "ಇನ್ನು ಸಾಕು" ಅಂತ ಎದೆಗೆ ತಿಳಿಸುವುದು. ತಣ್ಣೀರಿನ ಬಟ್ಟೆ ಹತ್ತು ಹದಿನೈದು ನಿಮಿಷ ಇಡಿ. ಬಟ್ಟೆಯಿಂದ ಬಿಗಿಯಾಗಿ ಕಟ್ಟುವುದು ಬೇಡ, ನಾಳ ಒತ್ತಿ ಗಂಟು ಕಟ್ಟುವುದೇ ಅದರಿಂದ. ಒಂದು ಬದಿ ಕೆಂಪಾಗಿ ಬಿಸಿಯಾಗಿ, ಚಳಿ ಜ್ವರ, ಮೈಕೈ ನೋವು ಬಂದರೆ ಬಿಡಿಸುವುದನ್ನು ಅಲ್ಲಿಗೇ ನಿಲ್ಲಿಸಿ, ಆ ಬದಿ ಮಗುವಿಗೆ ಕೊಡ್ತಾ ಇರಿ, ಅದೇ ದಿನ ಡಾಕ್ಟರಿಗೆ ತೋರಿಸಿ. ಆಗ ಪೂರ್ತಿ ನಿಲ್ಲಿಸಿದರೆ ಕೀವು ಕಟ್ಟುವ ಸಂಭವ ಹೆಚ್ಚು.

ಬೇವಿನ ರಸ, ಲೋಳೆಸರದ ಕಹಿ ಹಚ್ಚುವುದು ನಮ್ಮ ಕಡೆ ಇನ್ನೂ ಉಂಟು. ಒಂದೇ ದಿನದಲ್ಲಿ ಮಗು ಬಿಡ್ತದೆ ನಿಜ, ಎದೆ ಬಿಡುವುದಿಲ್ಲ. ಮೂರನೇ ದಿನ ಕಲ್ಲಾಗ್ತದೆ. ಲೋಳೆಸರದ ಎಲೆ ಕೊಯ್ದಾಗ ಸುರಿಯುವ ಹಳದಿ ರಸ ಭೇದಿ ಮಾಡಿಸಲಿಕ್ಕೆ ಕೊಡುವ ವಸ್ತು, ಈಗಷ್ಟೇ ಭೇದಿ ನಿಂತ ಮಗುವಿನ ಬಾಯಿಗೆ ಅದು ಹೋಗಬಾರದು.

ಮಲ್ಲಿಗೆ ಹೂ ಎದೆಗೆ ಕಟ್ಟಿಕೊಳ್ಳುವುದನ್ನೂ ಯಾರಾದರೂ ಹೇಳಿಯೇ ಹೇಳ್ತಾರೆ. ಅದು ಬರೀ ಕತೆಯಲ್ಲ. ವೆಲ್ಲೂರಿನಲ್ಲಿ ಹೆರಿಗೆಯಾದ ಹೊಸತರಲ್ಲಿ ಹಾಲು ನಿಲ್ಲಿಸಬೇಕಾಗಿ ಬಂದ ತಾಯಂದಿರ ಮೇಲೆ ಬ್ರೋಮೋಕ್ರಿಪ್ಟಿನ್ ಎಂಬ ಹಾಲು ನಿಲ್ಲಿಸುವ ಮಾತ್ರೆಯ ಜೊತೆ ಹೋಲಿಸಿ ನೋಡಿ 1988ರಲ್ಲಿ ಪ್ರಕಟಿಸಿದ್ದಾರೆ. ಹೂವಿನಿಂದಲೂ ಪ್ರೊಲ್ಯಾಕ್ಟಿನ್ (ಹಾಲು ಉತ್ಪತ್ತಿ ಮಾಡಿಸುವ ಹಾರ್ಮೋನ್) ಇಳಿದಿತ್ತು, ಮಾತ್ರೆಯಿಂದ ಹೆಚ್ಚು ಇಳಿದಿತ್ತು. ಒಂದೂಕಾಲು ವರ್ಷ ಹಾಲುಣಿಸಿ ನಿಧಾನಕ್ಕೆ ಬಿಡಿಸುವವರಿಗೆ ಎರಡೂ ಬೇಕಾಗಿಲ್ಲ, ಹೊತ್ತು ಇಳಿದ ಹಾಗೆ ಹಾಲು ತಾನೇ ಇಳೀತದೆ. ಮಲ್ಲಿಗೆಯ ಊರು ಶಂಕರಪುರದಲ್ಲಿ ಅಟ್ಟೆಯ (ಹೂವಿನ ಮಾಲೆಯ ಅಳತೆ) ದರ ಏರಿದ ದಿನ ಆ ಹೂವನ್ನು ತಲೆಗೇ ಮುಡಿದುಕೊಳ್ಳಿ. ಮಾತ್ರೆ ಅಂಗಡಿಯಿಂದ ನೀವಾಗಿ ತಂದು ನುಂಗಬೇಡಿ, ರಕ್ತದೊತ್ತಡಕ್ಕೆ ಅದು ಒಳ್ಳೆಯದಲ್ಲ.

ಇನ್ನೊಂದು: ರಾತ್ರಿ ಹಾಲು ಕಮ್ಮಿಯಾದ ಕೂಡಲೇ ಅಂಡೋತ್ಪತ್ತಿ ಮರಳಬಹುದು, ಮುಟ್ಟು ಬರುವ ಮೊದಲೇ. ಇನ್ನೊಂದು ಮಗು ಸದ್ಯಕ್ಕೆ ಬೇಡ ಅಂತಿದ್ದರೆ ಅದರ ವ್ಯವಸ್ಥೆ ಈಗಲೇ ಆಗಲಿ.

---

ಸುರತ್ಕಲ್_ಅಮ್ಮ

ತುಂಬಾ ಉಪಕಾರ ಆಯ್ತು. ಎರಡು ಸಂಶಯ. ಬಾಟಲಿ ಬಿಡಿಸಿ ಲೋಟದಲ್ಲಿ ಕೊಟ್ಟರೆ ಒಂದು ಗುಟುಕು ಕುಡಿದು ಉಗೀತಾಳೆ. ಹಾಲೇ ಬೇಡ ಅಂತ ಕೂತರೆ ಆ 500 ಮಿ.ಗ್ರಾಂ ಎಲ್ಲಿಂದ ತರುವುದು? ಮತ್ತೆ ರಾಗಿ ಮಣ್ಣಿಯನ್ನು ನಾವು ನೆನೆಸಿ ರುಬ್ಬಿ ಬಟ್ಟೆಯಲ್ಲಿ ಸೋಸಿ ಒಣಗಿಸಿದ ಹುಡಿಯಲ್ಲಿ ಮಾಡುವುದು. ಅಮ್ಮ ಕೂವೆ ಹುಡಿಯದ್ದೂ (ಆರಾರೂಟ್) ಕೊಡು ಅಂತಾರೆ.

---

ಪಥ್ಯದ_ಬಟ್ಟಲು

ಉಗಿಯುವುದು ರುಚಿಗೆ. ಎದೆಹಾಲು ಸಿಹಿ, ದನದ್ದು ಸಪ್ಪೆ. ಸಕ್ಕರೆ, ಕಲ್ಲುಸಕ್ಕರೆ, ಚಾಕೊಲೇಟ್ ಹುಡಿ ಹಾಕಿ ಕುಡಿಸಿದರೆ ಮತ್ತೆ ಯಾವತ್ತೂ ಬರೇ ಹಾಲು ಕುಡಿಯುವುದಿಲ್ಲ. ಹೊಟ್ಟೆ ಸುಧಾರಿಸಿದ ಮೇಲೆ ಹಿಂಡಿದ ಎದೆಹಾಲು ಮೂರು ಪಾಲು, ದನದ್ದು ಒಂದು ಪಾಲು ಸೇರಿಸಿ ಉಗುರು ಬೆಚ್ಚಗೆ ಕೊಡಿ. ಮೂರು ದಿನಕ್ಕೊಮ್ಮೆ ದನದ ಪಾಲು ಏರಿಸ್ತಾ ಹೋಗಿ. ಸಣ್ಣ ಸ್ಟೀಲ್ ಲೋಟದಲ್ಲಿ ಎರಡೇ ಗುಟುಕಿನಷ್ಟು ಹಾಕಿ ಅವಳ ಕೈಗೇ ಕೊಡಿ, ಚೆಲ್ಲಿದರೆ ಚೆಲ್ಲಲಿ. ಬಾಟಲಿ ಒಂದೂವರೆ ವರ್ಷದೊಳಗೆ ಮನೆಯಿಂದಲೇ ಹೋಗಬೇಕು. ನೀವು ಎತ್ತಿಕೊಂಡು ಕೊಟ್ಟರೆ ಅವಳಿಗೆ ಎದೆಯದ್ದೇ ನೆನಪಾಗುವುದು, ಹಾಗಾಗಿ ಶುರುವಿಗೆ ಬೇರೆಯವರು ಕೊಡಲಿ.

ಕುಡಿಯದಿದ್ದರೆ ಹೆದರಿಕೆ ಬೇಡ. ಮೊಸರು 200 ಗ್ರಾಂ ಅಂದ್ರೆ 240 ಮಿ.ಗ್ರಾಂ ಕ್ಯಾಲ್ಸಿಯಂ. ಇಡೀ ರಾಗಿ ಹಿಟ್ಟು 20 ಗ್ರಾಂ, ಅಂದ್ರೆ ಎರಡು ದೊಡ್ಡ ಚಮಚ: 70. ಸಿಪ್ಪೆ ತೆಗೆಯದ ಎಳ್ಳು ಹುರಿದು ಹುಡಿ ಮಾಡಿದ್ದು ಎರಡು ಟೀ ಚಮಚ: 75. ನುಗ್ಗೆ ಸೊಪ್ಪು ಒಂದು ಸಣ್ಣ ಮುಷ್ಟಿ, 20 ಗ್ರಾಂ: 60. ಅಲ್ಲಿಗೆ 445 ಆಯ್ತು. ಉಳಿದದ್ದು ಮೀನಿನಿಂದ. ಬೂತಾಯಿಯನ್ನು ಕುಕ್ಕರಿನಲ್ಲಿ ಸಣ್ಣ ಉರಿಯಲ್ಲಿ ಇಪ್ಪತ್ತು ನಿಮಿಷ ಬೇಯಿಸಿದರೆ ನಡುಮುಳ್ಳು ಬೆರಳಲ್ಲಿ ಒತ್ತಿದರೆ ಹಿಟ್ಟಾಗ್ತದೆ. ಹೊಟ್ಟೆಯ ಬದಿಯ ಸೂಜಿಯಂಥ ಮುಳ್ಳನ್ನು ಆರಿಸಿ ತೆಗೆದು, ನಡುಮುಳ್ಳನ್ನು ಬೆರಳ ತುದಿಯಲ್ಲಿ ಹೊಸಕಿ ಗಟ್ಟಿ ಚೂರು ಸಿಗದ ಹಾಗೆ ನೋಡಿ, ಅನ್ನಕ್ಕೆ ಕಲಸಿ. ಬಸಳೆ, ಹರಿವೆಯನ್ನು ಕ್ಯಾಲ್ಸಿಯಂ ಲೆಕ್ಕಕ್ಕೆ ಹಿಡಿಯಬೇಡಿ. ಕ್ಯಾಲ್ಸಿಯಂ ಹಿಡಿದಿಡುವ ಆಕ್ಸಲೇಟ್ ಇರುವುದರಿಂದ ಮೈಗೆ ಸೇರುವುದು ಸ್ವಲ್ಪವೇ.

ಸೋಸಿದ ರಾಗಿ ಹುಡಿ ಆರೇಳು ತಿಂಗಳಿನ ಮಗುವಿಗೆ ಚೆಂದ. ಈಗ ಅದು ನಷ್ಟ. ರಾಗಿಯ ಕ್ಯಾಲ್ಸಿಯಂ ಹೆಚ್ಚಾಗಿ ಇರುವುದೇ ಕಾಳಿನ ಹೊರಪದರದಲ್ಲಿ, ಬಟ್ಟೆಯಲ್ಲಿ ಉಳಿದು ತೆಂಗಿನ ಬುಡಕ್ಕೆ ಹೋಗುವುದು ಅದೇ. ಪಾತ್ರೆಯ ತಳದಲ್ಲಿ ನಿಲ್ಲುವುದು ಬಹುಪಾಲು ಪಿಷ್ಟ. ಕೂವೆ ಹುಡಿಯಂತೂ ಪೂರಾ ಪಿಷ್ಟ. ಹೊಟ್ಟೆ ಕೆಟ್ಟಾಗ ಎರಡು ದಿನಕ್ಕೆ ಸರಿ, ದಿನದ ಊಟಕ್ಕಲ್ಲ.

ಹೀಗೆ ಮಾಡಿ: ರಾಗಿ ತೊಳೆದು ಹತ್ತು ಹನ್ನೆರಡು ಗಂಟೆ ನೆನೆಸಿ, ನೀರು ಬಸಿದು ಒದ್ದೆ ಬಟ್ಟೆಯಲ್ಲಿ ಒಂದು ದಿನ ಕಟ್ಟಿಡಿ. ಸಣ್ಣ ಬಿಳಿ ಮೊಳಕೆ ಕಂಡರೆ ಸಾಕು. ಮಳೆಗಾಲದಲ್ಲಿ ಬಟ್ಟೆಯೊಳಗೆ ಬೂಸಲು ಬರ್ತದೆ, ಎಂಟು ಗಂಟೆಗೊಮ್ಮೆ ತೊಳೆದು ಕಟ್ಟಬೇಕು. ಹುಳಿ ವಾಸನೆ ಬಂದರೆ ಬಿಸಾಡಿ. ಬಿಸಿಲಲ್ಲೋ ಫ್ಯಾನಿನಡಿಯಲ್ಲೋ ಗರಿಗರಿ ಒಣಗಿಸಿ, ಸಣ್ಣ ಉರಿಯಲ್ಲಿ ಪರಿಮಳ ಬರುವಷ್ಟು ಹುರಿದು ಹುಡಿ ಮಾಡಿ. ಜರಡಿ ಹಿಡಿಯಿರಿ, ಬಟ್ಟೆಯಲ್ಲಿ ಬೇಡ. ಎರಡು ದೊಡ್ಡ ಚಮಚ ಹುಡಿಯನ್ನು 100 ಮಿಲಿ ತಣ್ಣೀರಿನಲ್ಲಿ ಗಂಟಿಲ್ಲದೆ ಕಲಸಿ, ತಿರುವುತ್ತಾ ಆರೇಳು ನಿಮಿಷ ಬೇಯಿಸಿ, 100 ಮಿಲಿ ಹಾಲು ಹಾಕಿ ಇನ್ನೆರಡು ನಿಮಿಷ. ನಿಮ್ಮ ಮಗಳಿಗೆ ಆ ಒಂದು ವಾರ ಕಳೆದ ಮೇಲೆ ಶುರುವಿಗೆ 30 ಮಿಲಿ ಹಾಲು, ಉಳಿದದ್ದು ನೀರು. ಇಳಿಸಿ ಅರ್ಧ ಚಮಚ ತುಪ್ಪ. ಮೊಳಕೆ ರಾಗಿಯ ಮಣ್ಣಿ ನೀರಾಗಿ ನಿಂತರೆ ಹಾಳಾಯ್ತು ಅಂತ ತಿಳಿಯಬೇಡಿ. ಮೊಳಕೆಯ ಕಿಣ್ವ ಪಿಷ್ಟವನ್ನು ಕತ್ತರಿಸುವ ಕಾರಣ ಅದು ದಪ್ಪಗೆ ಕಟ್ಟುವುದಿಲ್ಲ. ಇನ್ನರ್ಧ ಚಮಚ ಹುಡಿ ಸೇರಿಸಿ, ಅಷ್ಟೇ ಬಟ್ಟಲಿನಲ್ಲಿ ಹೆಚ್ಚು ಆಹಾರ ಹೋಗ್ತದೆ.

ಮುಂದೆ ಯಾವತ್ತಾದರೂ ಡಾಕ್ಟರ್ ಅಲರ್ಜಿ ಅಂತ ಖಚಿತ ಮಾಡಿ ಸೋಯಾ ಕೊಡಬಹುದು ಅಂದರೆ ಮಾತ್ರ ಸೋಯಾ ಪ್ಯಾಕ್. ಕೆಲವು ಮಕ್ಕಳಿಗೆ ಸೋಯಾ ಕೂಡ ಆಗುವುದಿಲ್ಲ, ಅದಕ್ಕೆ ಕೇಳಿಯೇ ಶುರು ಮಾಡುವುದು. ಸಕ್ಕರೆ ಸೇರಿಸದ್ದು, 100 ಮಿಲಿಗೆ ಕ್ಯಾಲ್ಸಿಯಂ 120ರ ಹತ್ತಿರ ಇರುವುದು, ಬಿ12 ಮತ್ತು ಡಿ ಸೇರಿಸಿದ್ದು ನೋಡಿ ತಗೊಳ್ಳಿ. ಪ್ಯಾಕಿನ ಮೇಲೆ ಹಾಲು ಅಂತ ಇರುವುದಿಲ್ಲ, ಬೆವರೇಜ್ ಅಂತ ಇರ್ತದೆ. ಪ್ರತಿ ಸಲ ಚೆನ್ನಾಗಿ ಕುಲುಕಿ ಬಗ್ಗಿಸಿ, ಸೇರಿಸಿದ ಕ್ಯಾಲ್ಸಿಯಂ ತಳದಲ್ಲಿ ಕೂತಿರ್ತದೆ. ಮನೆಯಲ್ಲಿ ರುಬ್ಬಿ ತೆಗೆದ ಸೋಯಾ ಹಾಲಿನಲ್ಲಿ ಆ ಕ್ಯಾಲ್ಸಿಯಂ, ಬಿ12 ಯಾವುದೂ ಇಲ್ಲ.

---

ಮಡಿಲು_ನರ್ಸ್

ಒಂದು ಬಿಟ್ಟು ಹೋಯ್ತು. ಅಂಗನವಾಡಿಯಲ್ಲಿ ಅಥವಾ ಆಶಾ ಕಾರ್ಯಕರ್ತೆಯ ಹತ್ತಿರ ಕಬ್ಬಿಣದ ಸಿರಪ್ ಸಿಗ್ತದೆ. 6 ತಿಂಗಳಿಂದ 5 ವರ್ಷದವರೆಗೆ ವಾರಕ್ಕೆ ಎರಡು ಸಲ 1 ಮಿಲಿ, ಅದರಲ್ಲಿ ಕಬ್ಬಿಣ 20 ಮಿ.ಗ್ರಾಂ, ಫೋಲಿಕ್ ಆಮ್ಲ 100 ಮೈಕ್ರೋಗ್ರಾಂ. ಹಾಲಿನ ಜೊತೆಗೆ ಕೊಡಬೇಡಿ, ಹಾಲಿಗೂ ಅದಕ್ಕೂ ಒಂದೆರಡು ಗಂಟೆ ಅಂತರ ಇರಲಿ. ನಾಲಿಗೆಯ ಹಿಂಬದಿಗೆ ಹನಿ ಬಿಟ್ಟು ಮೇಲೆ ನೀರು ಕುಡಿಸಿದರೆ ಹಲ್ಲು ಕಪ್ಪಾಗುವುದಿಲ್ಲ. ಮಲ ಕಪ್ಪಾಗ್ತದೆ, ಅದಕ್ಕೆ ಹೆದರಿ ನಿಲ್ಲಿಸಬೇಡಿ. ಜ್ವರ, ಭೇದಿ ಇರುವ ದಿನ ಬೇಡ, ಗುಣವಾದ ಮೇಲೆ ಮುಂದುವರಿಸಿ.

ಚಹಾ ಅದ್ದಿದ ಬಿಸ್ಕತ್ತು ಅಜ್ಜ ಅಜ್ಜಿ ಕದ್ದು ಕೊಡ್ತಾರೆ ನೋಡಿ, ಅದು ಇದ್ದಬದ್ದ ಕಬ್ಬಿಣವನ್ನೂ ತಡೀತದೆ. ಅದನ್ನು ನಿಲ್ಲಿಸುವುದು ಎದೆಹಾಲು ಬಿಡಿಸುವುದಕ್ಕಿಂತ ಕಷ್ಟ, ಆದ್ರೂ ಒಮ್ಮೆ ಮಾತಾಡಿ ನೋಡಿ.